ಎಡ್ಗರ್ ಕಾಡ್: ದಾಖಲೆಗಳಿಗೆ ನಿಯಮ ಕೊಟ್ಟವರು

ವಾಣಿಜ್ಯ ವಿಭಾಗದಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿರುವ ನಮಗೆ ಕಾಡ್ ಎಂಬ ಹೆಸರು ಹೊಸದಲ್ಲ. ಡೇಟಾಬೇಸ್ ಪಾಠದಲ್ಲಿ ಕಾಡ್ ನಿಯಮಗಳು ಎಂದು ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಆ ಹೆಸರಿನ ವ್ಯಕ್ತಿ ಯುದ್ಧದಲ್ಲಿ ವಿಮಾನ ಹಾರಿಸಿದ್ದರು, ಅಂಗಡಿಯಲ್ಲಿ ಬಟ್ಟೆ ಮಾರಿದ್ದರು, ಮನಸ್ಸಾಕ್ಷಿಗಾಗಿ ಒಂದು ದೇಶವನ್ನೇ ಬಿಟ್ಟು ಹೋಗಿದ್ದರು, ತಮಗೆ ಸಂಬಳ ಕೊಡುವ ಕಂಪನಿಯ ಜೊತೆಗೇ ವರ್ಷಗಟ್ಟಲೆ ವಾದ ಮಾಡಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇಂದು ಬ್ಯಾಂಕಿನ ಖಾತೆ, ಅಂಗಡಿಯ ಬಿಲ್ಲು, ಕಾಲೇಜಿನ ಅಂಕಪಟ್ಟಿ ಇವೆಲ್ಲ ಹೆಚ್ಚಾಗಿ ಉಳಿದಿರುವುದು ಅವರು ತೋರಿಸಿಕೊಟ್ಟ ರೀತಿಯಲ್ಲೇ. ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ತಿಳಿಸುತ್ತಿದ್ದೇನೆ.

ಬಾಲ್ಯ, ಓದು ಮತ್ತು ಯುದ್ಧ

ಎಡ್ಗರ್ ಫ್ರಾಂಕ್ ಕಾಡ್ ಅವರು 1923ರ ಆಗಸ್ಟ್ 19ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್ ಎಂಬಲ್ಲಿ ಹುಟ್ಟಿದರು. ತಂದೆ ಚರ್ಮದ ವಸ್ತುಗಳ ತಯಾರಕರು, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಗೆಳೆಯರು ಇವರನ್ನು ಟೆಡ್ ಎಂದು ಕರೆಯುತ್ತಿದ್ದರು. ಪೂಲ್ ಗ್ರಾಮರ್ ಸ್ಕೂಲಿನಲ್ಲಿ ಓದಿ, ಪೂರ್ಣ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜು ಸೇರಿ ಮೊದಲು ರಸಾಯನಶಾಸ್ತ್ರ ತೆಗೆದುಕೊಂಡರು.

ಅದು ಎರಡನೇ ಮಹಾಯುದ್ಧದ ಕಾಲ. ಓದುತ್ತಿದ್ದ ಕಾರಣಕ್ಕೆ ಸೈನ್ಯಕ್ಕೆ ಹೋಗುವುದನ್ನು ಮುಂದೂಡುವ ಅವಕಾಶ ಅವರಿಗಿತ್ತು. ಆದರೂ 1942ರಲ್ಲಿ ತಾವಾಗಿಯೇ ಬ್ರಿಟಿಷ್ ವಾಯುಪಡೆ ಸೇರಿದರು. ವಿಮಾನ ಹಾರಿಸುವ ತರಬೇತಿಗಾಗಿ ಅಮೆರಿಕಕ್ಕೂ ಹೋಗಿ ಬಂದರು. ಆಮೇಲೆ ಕರಾವಳಿ ಕಾಯುವ ದಳದಲ್ಲಿ ಸಂಡರ್‌ಲ್ಯಾಂಡ್ ಎಂಬ, ನೀರಿನ ಮೇಲೆ ಇಳಿಯಬಲ್ಲ ದೊಡ್ಡ ವಿಮಾನಗಳನ್ನು ಹಾರಿಸಿದರು. ವಿಮಾನದ ಮೇಲಿನ ಪ್ರೀತಿ ಅವರಿಗೆ ಕೊನೆಯವರೆಗೂ ಉಳಿಯಿತು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡಿಗೆ ಮರಳಿ, ವಿಷಯ ಬದಲಾಯಿಸಿ, 1948ರಲ್ಲಿ ಗಣಿತದಲ್ಲಿ ಪದವಿ ಪಡೆದರು.

ಅಂಗಡಿಯಿಂದ ಕಂಪ್ಯೂಟರಿಗೆ

ಅದೇ ವರ್ಷ ಅವರು ನ್ಯೂಯಾರ್ಕಿಗೆ ಹೋದರು. ಕೆಲವು ದಿನ ಮೇಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಗಂಡಸರ ಉಡುಪು ಮಾರುವ ಕೆಲಸ ಮಾಡಿದರು. ಅನಂತರ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳು ಗಣಿತ ಕಲಿಸಿದರು. 1949ರಲ್ಲಿ ಐಬಿಎಂ ಕಂಪನಿ ಸೇರಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಗಣಿತಜ್ಞರಾದರು. ಆಗಿನ ಕಂಪ್ಯೂಟರ್ ಎಂದರೆ ಒಂದು ಇಡೀ ಕೋಣೆ ತುಂಬುವ ಯಂತ್ರ.

ಕೆಲಸ ಚೆನ್ನಾಗಿ ನಡೆಯುತ್ತಿರುವಾಗಲೇ ಅಮೆರಿಕದ ವಾತಾವರಣ ಕೆಟ್ಟಿತು. ಜೋಸೆಫ್ ಮೆಕಾರ್ಥಿ ಎಂಬ ಸೆನೆಟರ್, ಸರ್ಕಾರಿ ನೌಕರರು, ಸೈನ್ಯದವರು ಹೀಗೆ ಅನೇಕರ ಮೇಲೆ ಕಮ್ಯುನಿಸ್ಟರು ಎಂಬ ಆರೋಪ ಹೊರಿಸತೊಡಗಿದರು. ಸರಿಯಾದ ಪುರಾವೆ ಇಲ್ಲದೆಯೇ ಬಹಳ ಜನ ಆ ಕಾಲದಲ್ಲಿ ಕೆಲಸ ಕಳೆದುಕೊಂಡರು, ಹೆಸರು ಕೆಡಿಸಿಕೊಂಡರು. ಹೊರದೇಶದಿಂದ ಬಂದು ಐದು ವರ್ಷವಷ್ಟೇ ಆಗಿದ್ದ ಕಾಡ್ ಸುಮ್ಮನಿದ್ದು ತಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1953ರಲ್ಲಿ ಇದನ್ನು ಪ್ರತಿಭಟಿಸಿ ಐಬಿಎಂ ಅನ್ನೂ ಅಮೆರಿಕವನ್ನೂ ಬಿಟ್ಟು ಕೆನಡಾದ ಒಟ್ಟಾವಾ ನಗರಕ್ಕೆ ಹೊರಟುಹೋದರು. ಅಲ್ಲಿ ಇನ್ನೊಂದು ಕಂಪನಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದರು.

ಹಳೆಯ ಮೇಲಧಿಕಾರಿಯೊಬ್ಬರು ಆಕಸ್ಮಿಕವಾಗಿ ಭೇಟಿಯಾದ ಮೇಲೆ 1957ರಲ್ಲಿ ಅವರು ಮತ್ತೆ ಐಬಿಎಂಗೆ ಬಂದರು. ಆಗ ಒಂದು ಕಂಪ್ಯೂಟರ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಹಲವು ಪ್ರೋಗ್ರಾಮ್‌ಗಳು ಒಂದೇ ಯಂತ್ರವನ್ನು ಹಂಚಿಕೊಂಡು ನಡೆಯುವಂತೆ ಮಾಡಿದ ಆರಂಭದ ಕೆಲಸದಲ್ಲಿ ಕಾಡ್ ಅವರ ತಂಡದ ಪಾಲು ದೊಡ್ಡದು. ನಮ್ಮ ಮೊಬೈಲಿನಲ್ಲಿ ಹಾಡು ಕೇಳುತ್ತಲೇ ಸಂದೇಶ ಕಳುಹಿಸುವುದರ ಬೇರು ಅಂಥ ಕೆಲಸಗಳಲ್ಲಿದೆ.

ವಯಸ್ಸು ನಲವತ್ತರ ಹತ್ತಿರ ಬಂದಾಗ ಅವರು ಕಂಪನಿಯ ವಿದ್ಯಾರ್ಥಿವೇತನದಿಂದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರಿದರು. 1965ರಲ್ಲಿ ಡಾಕ್ಟರೇಟ್ ಪಡೆದರು. ತನ್ನಂಥದ್ದೇ ಇನ್ನೊಂದನ್ನು ತಾನೇ ಕಟ್ಟಿಕೊಳ್ಳಬಲ್ಲ ಯಂತ್ರದ ಗಣಿತ ಅವರ ಸಂಶೋಧನೆಯ ವಿಷಯ. ಜಾನ್ ವಾನ್ ನಾಯ್ಮನ್ ಎಂಬ ಮಹಾ ಗಣಿತಜ್ಞರ ಮಾದರಿಯಲ್ಲಿ ಪ್ರತಿ ಕೋಶಕ್ಕೂ 29 ಸ್ಥಿತಿಗಳಿದ್ದವು. ಕಾಡ್ ಅದನ್ನು 8ಕ್ಕೆ ಇಳಿಸಿದರು. ಕಷ್ಟದ ವಿಷಯವನ್ನು ಸರಳ ಮಾಡುವ ಈ ಗುಣವೇ ಮುಂದೆ ಅವರಿಗೆ ಹೆಸರು ತಂದಿತು.

ದಾಖಲೆಗಳ ಗೋಜಲು

1960ರ ದಶಕದ ಕೊನೆಯಲ್ಲಿ ಕಾಡ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದರು. ಅಷ್ಟು ಹೊತ್ತಿಗೆ ಬ್ಯಾಂಕುಗಳು, ಕಾರ್ಖಾನೆಗಳು, ವಿಮಾನ ಕಂಪನಿಗಳು ತಮ್ಮ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕತೊಡಗಿದ್ದವು. ಅವುಗಳನ್ನು ಜೋಡಿಸಿಡಲು ಎರಡು ಪದ್ಧತಿಗಳಿದ್ದವು. ಒಂದು ಮರದ ಕೊಂಬೆಗಳ ಹಾಗೆ ಮೇಲಿನಿಂದ ಕೆಳಗೆ ಇಳಿಯುವ ಪದ್ಧತಿ. ಐಬಿಎಂನ ಐಎಂಎಸ್ ಈ ಬಗೆಯದು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ಯೋಜನೆಗಾಗಿ ಅದು ಹುಟ್ಟಿಕೊಂಡಿತ್ತು. ಇನ್ನೊಂದು, ದಾಖಲೆಯಿಂದ ದಾಖಲೆಗೆ ಕೊಂಡಿ ಹಾಕುವ ಜಾಲದ ಪದ್ಧತಿ. ಅದರ ಮುಖ್ಯ ಪುರುಷ ಚಾರ್ಲ್ಸ್ ಬಾಕ್‌ಮನ್.

ಎರಡರಲ್ಲೂ ಒಂದು ತೊಂದರೆ ಇತ್ತು. ಬೇಕಾದ ಮಾಹಿತಿ ಎಲ್ಲಿದೆ, ಯಾವ ದಾರಿ ಹಿಡಿದು ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದೆಲ್ಲ ಪ್ರೋಗ್ರಾಮರಿಗೆ ಮೊದಲೇ ಗೊತ್ತಿರಬೇಕಿತ್ತು. ದಾಖಲೆ ಜೋಡಿಸಿದ ಕ್ರಮ ಸ್ವಲ್ಪ ಬದಲಾದರೂ ಹಳೆಯ ಪ್ರೋಗ್ರಾಮ್‌ಗಳು ಕೆಡುತ್ತಿದ್ದವು. ಕಂಪನಿಯ ಮಾಲೀಕರಿಗೆ ಹೊಸದೊಂದು ಪ್ರಶ್ನೆ ಹೊಳೆದರೆ, ಅದಕ್ಕೆ ಉತ್ತರ ತೆಗೆಯಲು ಹೊಸ ಪ್ರೋಗ್ರಾಮನ್ನೇ ಬರೆಸಬೇಕಿತ್ತು.

ಇನ್ನೊಂದು ತೊಂದರೆ ನಮ್ಮ ಊರಿನ ಅಂಗಡಿಗಳಲ್ಲೂ ಇದೆ. ಉದ್ರಿ ಪುಸ್ತಕದಲ್ಲಿ ಒಬ್ಬ ಗಿರಾಕಿಯ ಹೆಸರು ಎರಡು ಪುಟದಲ್ಲಿ ಇದೆ ಎಂದುಕೊಳ್ಳಿ. ಅವನು ಹಣ ಕೊಟ್ಟ. ಒಂದು ಪುಟದಲ್ಲಿ ಜಮಾ ಆಯಿತು, ಇನ್ನೊಂದರಲ್ಲಿ ಬಾಕಿ ಹಾಗೇ ಉಳಿಯಿತು. ತಿಂಗಳ ಕೊನೆಗೆ ಅಂಗಡಿಯವರು ಮತ್ತೆ ಹಣ ಕೇಳುತ್ತಾರೆ, ಗಿರಾಕಿ ಕೊಟ್ಟಿದ್ದೇನೆ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುತ್ತಿರುವುದು ಪುಸ್ತಕ. ಖಾತೆ, ಜಮಾ, ಖರ್ಚು, ಬಾಕಿ ಈ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕಾಲೇಜಿನ ಕನ್ನಡದಲ್ಲೂ ಇವೆ. ಯಾವ ಭಾಷೆಯಲ್ಲಿ ಬರೆದರೂ ಒಂದೇ ವಿಷಯವನ್ನು ಎರಡು ಕಡೆ ಬರೆದಿಟ್ಟರೆ ಜಗಳ ತಪ್ಪದು.

ಕೋಷ್ಟಕವೆಂಬ ಸರಳ ಉಪಾಯ

1969ರಲ್ಲಿ ಕಾಡ್ ತಮ್ಮ ಹೊಸ ವಿಚಾರವನ್ನು ಐಬಿಎಂನ ಒಳಗಿನ ವರದಿಯಾಗಿ ಬರೆದರು. 1970ರ ಜೂನ್ ತಿಂಗಳಲ್ಲಿ ಅದನ್ನು ಇನ್ನಷ್ಟು ಬೆಳೆಸಿದ ಲೇಖನ ಕಂಪ್ಯೂಟರ್ ವಿಜ್ಞಾನಿಗಳ ಸಂಘವಾದ ಎಸಿಎಂನ ಪತ್ರಿಕೆಯಲ್ಲಿ ಬಂತು. ಬರೀ 11 ಪುಟ. ಇಂದಿನ ಡೇಟಾಬೇಸ್ ಉದ್ಯಮ ಬಹುಪಾಲು ಆ 11 ಪುಟಗಳ ಮೇಲೆ ನಿಂತಿದೆ.

ಅವರು ಹೇಳಿದ್ದು ಇಷ್ಟು. ಎಲ್ಲ ಮಾಹಿತಿಯನ್ನೂ ಕೋಷ್ಟಕಗಳಲ್ಲಿ ಇಡಿ. ಪ್ರತಿ ಸಾಲೂ ಒಂದು ಸಂಗತಿ. ಪ್ರತಿ ಸಾಲನ್ನೂ ಗುರುತಿಸಲು ಒಂದು ಕೀಲಿ ಇರಲಿ. ಕೋಷ್ಟಕಗಳ ನಡುವೆ ಗುಪ್ತ ಕೊಂಡಿಗಳು ಬೇಡ, ಬೆಲೆಗಳೇ ಒಂದನ್ನೊಂದು ಸೂಚಿಸಲಿ. ಉದಾಹರಣೆಗೆ ವಿದ್ಯಾರ್ಥಿಗಳ ಕೋಷ್ಟಕದಲ್ಲಿ ನೋಂದಣಿ ಸಂಖ್ಯೆ, ಹೆಸರು, ಊರು, ಫೋನ್ ಇರುತ್ತವೆ. ಶುಲ್ಕದ ಕೋಷ್ಟಕದಲ್ಲಿ ರಸೀದಿ ಸಂಖ್ಯೆ, ತಾರೀಖು, ಮೊತ್ತ, ಜೊತೆಗೆ ನೋಂದಣಿ ಸಂಖ್ಯೆ ಮಾತ್ರ ಸಾಕು. ಹೆಸರನ್ನೂ ಫೋನನ್ನೂ ಮತ್ತೆ ಬರೆಯುವ ಅಗತ್ಯವಿಲ್ಲ. ಫೋನ್ ಬದಲಾದರೆ ಒಂದೇ ಕಡೆ ತಿದ್ದಿದರಾಯಿತು. ಯಾವ ಮಾಹಿತಿ ಯಾವ ಕೋಷ್ಟಕದಲ್ಲಿ ಇರಬೇಕು ಎಂದು ವಿಂಗಡಿಸುವ ಕ್ರಮಕ್ಕೆ ನಾವು ನಾರ್ಮಲೈಸೇಶನ್ ಎನ್ನುತ್ತೇವೆ. ಅದೂ ಕಾಡ್ ಅವರದ್ದೇ.

ರಿಲೇಶನಲ್ ಎಂಬ ಪದದ ಬಗ್ಗೆ ಒಂದು ಮಾತು. ಕೋಷ್ಟಕಗಳ ನಡುವೆ ಸಂಬಂಧ ಇರುವುದರಿಂದ ಆ ಹೆಸರು ಬಂತೆಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಗಣಿತದ ಪದ. ವಿಜ್ಞಾನ ವಿಭಾಗದ ಗೆಳೆಯರು ಗಣಗಳು, ಸಂಬಂಧಗಳು ಎಂದು ಓದುತ್ತಾರಲ್ಲ, ಆ ಸಂಬಂಧವೇ ಇದು. ಪ್ರತಿಯೊಂದು ಕೋಷ್ಟಕವೇ ಒಂದು ಸಂಬಂಧ. ದಾಖಲೆ ಇಡುವ ಕೆಲಸಕ್ಕೆ ಗಣಿತದ ಬುನಾದಿ ಹಾಕಿದ್ದು ಕಾಡ್ ಅವರ ನಿಜವಾದ ಸಾಧನೆ.

ಇದರಿಂದ ಇನ್ನೊಂದು ಅನುಕೂಲ ಆಯಿತು. ಹೋಟೆಲಿಗೆ ಹೋದವರು ಒಂದು ಮಸಾಲೆ ದೋಸೆ ಎಂದು ಹೇಳಿ ಕೂರುತ್ತಾರೆ. ಹಿಟ್ಟು ಎಲ್ಲಿದೆ, ಯಾವ ಒಲೆ ಹಚ್ಚಬೇಕು ಎಂದು ಹೇಳಲು ಅಡುಗೆಮನೆಗೆ ಹೋಗುವುದಿಲ್ಲ. ಹಾಗೆಯೇ ಏನು ಬೇಕು ಎಂಬುದನ್ನು ಕೇಳುವವರು ಹೇಳಲಿ, ಹೇಗೆ ತರಬೇಕು ಎಂಬುದನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಕಾಡ್ ಅವರ ನಿಲುವು.

ತಮ್ಮವರ ಜೊತೆಗೇ ವಾದ

ಇಷ್ಟು ಒಳ್ಳೆಯ ವಿಚಾರವನ್ನು ಐಬಿಎಂ ಕೂಡಲೇ ಅಪ್ಪಿಕೊಳ್ಳಲಿಲ್ಲ. ಕಾರಣವನ್ನು ವಾಣಿಜ್ಯ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಹುದು. ಐಎಂಎಸ್ ಆಗ ಕಂಪನಿಗೆ ಒಳ್ಳೆಯ ಆದಾಯ ತರುತ್ತಿತ್ತು. ಚೆನ್ನಾಗಿ ಮಾರಾಟವಾಗುವ ಸರಕು ಕೈಯಲ್ಲಿರುವಾಗ ಅದನ್ನೇ ಹಳತು ಮಾಡುವ ಹೊಸ ಸರಕನ್ನು ಯಾವ ವ್ಯಾಪಾರಿ ತಾನೇ ಬೇಗ ಅಂಗಡಿಗೆ ತಂದಾನು? ಜೊತೆಗೆ, ಇಷ್ಟು ಗಣಿತದ ವ್ಯವಸ್ಥೆ ವೇಗವಾಗಿ ನಡೆಯಲಾರದು ಎಂಬ ಸಂಶಯವೂ ಹಲವರಿಗಿತ್ತು.

ಕಾಡ್ ಬಿಡಲಿಲ್ಲ. ಲೇಖನದ ಮೇಲೆ ಲೇಖನ ಬರೆದರು. ಐಬಿಎಂನ ಗ್ರಾಹಕರಿಗೇ ತಮ್ಮ ಮಾದರಿಯ ಉಪಯೋಗ ವಿವರಿಸಿದರು. ಗ್ರಾಹಕರು ಕಂಪನಿಯನ್ನು ಕೇಳತೊಡಗಿದರು. 1973ರಲ್ಲಿ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಬಾಕ್‌ಮನ್ ಅವರಿಗೆ. ಅವರು ತಮ್ಮ ಉಪನ್ಯಾಸದಲ್ಲಿ ಪ್ರೋಗ್ರಾಮರನ್ನು ದಾರಿ ಹುಡುಕುವ ನಾವಿಕನಿಗೆ ಹೋಲಿಸಿದರು. ಸಮುದ್ರದ ಮೇಲೆ ನಿಜವಾಗಿಯೇ ದಾರಿ ಹುಡುಕುತ್ತಾ ವಿಮಾನ ಹಾರಿಸಿದ್ದ ಕಾಡ್ ಅವರಿಗೆ ಮಾತ್ರ, ದಾಖಲೆ ಹುಡುಕುವವರಿಗೆ ಆ ಕಷ್ಟ ಇರಲೇಬಾರದು ಎನಿಸಿತ್ತು. 1974ರಲ್ಲಿ ಮಿಶಿಗನ್ನಿನ ಆನ್ ಆರ್ಬರ್‌ನಲ್ಲಿ ನಡೆದ ಸಭೆಯಲ್ಲಿ ಈ ಇಬ್ಬರೂ ಎದುರುಬದುರಾಗಿ ವಾದಿಸಿದರು. ಕಂಪ್ಯೂಟರ್ ಇತಿಹಾಸದಲ್ಲಿ ಆ ಚರ್ಚೆ ಪ್ರಸಿದ್ಧವಾಗಿದೆ.

ಕೊನೆಗೆ ಸ್ಯಾನ್ ಹೋಸೆಯಲ್ಲಿ ಸಿಸ್ಟಮ್ ಆರ್ ಎಂಬ ಪ್ರಯೋಗ ಆರಂಭವಾಯಿತು. ಅಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು ಸೀಕ್ವೆಲ್ ಎಂಬ ಭಾಷೆ ರೂಪಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಬಾಯ್ಸ್ 1974ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ನಾವು ಓದುವ ಬಾಯ್ಸ್ ಕಾಡ್ ನಾರ್ಮಲ್ ಫಾರ್ಮ್ ಎಂಬುದರಲ್ಲಿ ಇಬ್ಬರ ಹೆಸರೂ ಜೊತೆಯಾಗಿ ಉಳಿದಿದೆ. ಇದೇ ಸಮಯದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರು ಕಾಡ್ ಅವರ ಲೇಖನಗಳನ್ನು ಓದಿ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದರು. ಇಂದಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅದರ ವಂಶದ್ದು.

ಐಬಿಎಂ ಇನ್ನೂ ತಯಾರಿಯಲ್ಲಿರುವಾಗಲೇ ಲ್ಯಾರಿ ಎಲಿಸನ್ ಅವರ ಸಣ್ಣ ಕಂಪನಿ 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ತಂದಿತು. ಐಬಿಎಂನ ಎಸ್‌ಕ್ಯೂಎಲ್ ಡಿಎಸ್ ಬಂದದ್ದು 1981ರಲ್ಲಿ, ಡಿಬಿ2 ಬಂದದ್ದು 1983ರಲ್ಲಿ. ತನ್ನ ಮನೆಯಲ್ಲೇ ಹುಟ್ಟಿದ ವಿಚಾರವನ್ನು ಮಾರುವುದರಲ್ಲಿ ಆ ದೊಡ್ಡ ಕಂಪನಿ ಹಿಂದೆ ಬಿತ್ತು. 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಕಾಡ್ ಅವರಿಗೂ ಬಂತು.

ನಿಯಮಗಳು ಮತ್ತು ಒಂದು ಸಾಲಿನ ಆಜ್ಞೆ

ಕಾಡ್ 1984ರಲ್ಲಿ ಐಬಿಎಂನಿಂದ ನಿವೃತ್ತರಾದರು. ಆ ಹೊತ್ತಿಗೆ ರಿಲೇಶನಲ್ ಎಂಬ ಪದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿತ್ತು. ಹಳೆಯ ಸರಕಿಗೇ ಆ ಚೀಟಿ ಅಂಟಿಸಿ ಮಾರುವವರು ಹೆಚ್ಚಾದರು. ಹಾಗಾಗಿ 1985ರಲ್ಲಿ ಅವರು ನಿಜವಾದ ರಿಲೇಶನಲ್ ವ್ಯವಸ್ಥೆ ಹೇಗಿರಬೇಕೆಂದು ನಿಯಮಗಳನ್ನು ಪ್ರಕಟಿಸಿದರು. 12 ನಿಯಮಗಳು ಎನ್ನುತ್ತಾರೆ, ಆದರೆ ಸೊನ್ನೆಯಿಂದ ಎಣಿಸಿದರೆ 13 ಆಗುತ್ತವೆ.

ಈ ನಿಯಮಗಳಲ್ಲಿ ಎರಡನ್ನು ನಾವು ಲ್ಯಾಬಿನಲ್ಲಿ ಪ್ರತಿ ಸಲ ಬಳಸುತ್ತೇವೆ. ಐದನೆಯ ನಿಯಮದ ಪ್ರಕಾರ, ಡೇಟಾಬೇಸಿಗೆ ಒಂದು ಪೂರ್ಣ ಭಾಷೆ ಇರಬೇಕು. ಅದರ ಪ್ರತಿ ಆಜ್ಞೆಯನ್ನೂ ಅಕ್ಷರಗಳ ಸಾಲಾಗಿ ಬರೆಯಲು ಬರಬೇಕು. ಕಪ್ಪು ಪರದೆಯ ಕಮಾಂಡ್ ಲೈನಿನಲ್ಲಿ, ಮೌಸ್ ಮುಟ್ಟದೆ, ಕೆಲಸ ನಡೆಯುವುದು ಇದರಿಂದಲೇ. ಮೈಎಸ್‌ಕ್ಯೂಎಲ್ ಒಳಗೆ ಹೋಗಿ ಹೀಗೆ ಟೈಪ್ ಮಾಡಿದರೆ ಸಾಕು:

ಕ್ರಿಯೇಟ್ ಡೇಟಾಬೇಸ್ ಕಾಲೇಜ್;

ಎಂಟರ್ ಒತ್ತಿದ ಕೂಡಲೇ ಕಾಲೇಜ್ ಎಂಬ ಹೆಸರಿನ ಹೊಸ ಡೇಟಾಬೇಸ್ ಹುಟ್ಟುತ್ತದೆ. ಕೊನೆಯ ಅರ್ಧವಿರಾಮ ಬಿಟ್ಟರೆ ಯಂತ್ರ ಇನ್ನೂ ಮಾತು ಮುಗಿದಿಲ್ಲವೆಂದು ಕಾಯುತ್ತದೆ. ಅದೇ ಹೆಸರಿನ ಡೇಟಾಬೇಸ್ ಮೊದಲೇ ಇದ್ದರೆ ತಪ್ಪು ಎಂದು ಹೇಳುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಾದರೆ ಒಳಗೆ ಹೋಗುವುದೂ ಬೇಡ. ಹೊರಗಿನಿಂದಲೇ ಕ್ರಿಯೇಟ್‌ಡಿಬಿ ಎಂದು ಬರೆದು ಹೆಸರು ಕೊಡಬಹುದು.

ಹೊಸ ಡೇಟಾಬೇಸ್ ಹುಟ್ಟಿದ್ದು ಯಂತ್ರಕ್ಕೆ ಹೇಗೆ ನೆನಪಿರುತ್ತದೆ? ಇಲ್ಲಿ ನಾಲ್ಕನೆಯ ನಿಯಮ ಬರುತ್ತದೆ. ಡೇಟಾಬೇಸಿನ ಬಗೆಗಿನ ವಿವರಗಳನ್ನೂ ಬೇರೆ ಮಾಹಿತಿಯ ಹಾಗೆಯೇ ಕೋಷ್ಟಕದಲ್ಲಿ ಇಡಬೇಕು, ಅದೇ ಭಾಷೆಯಲ್ಲಿ ಕೇಳಿ ತಿಳಿಯುವಂತಿರಬೇಕು ಎನ್ನುತ್ತದೆ ಅದು. ಶೋ ಡೇಟಾಬೇಸಸ್ ಎಂದು ಟೈಪ್ ಮಾಡಿದಾಗ ಹೆಸರುಗಳು ಒಂದು ಕೋಷ್ಟಕವಾಗಿಯೇ ಪರದೆಯ ಮೇಲೆ ಬರುತ್ತವೆ. ಅದರಲ್ಲಿ ನಾವು ಈಗ ತಾನೇ ಕೊಟ್ಟ ಹೆಸರೂ ಒಂದು ಸಾಲಾಗಿ ಇರುತ್ತದೆ.

ಆಮೇಲೆ ಯೂಸ್ ಕಾಲೇಜ್ ಎಂದು ಒಳಹೊಕ್ಕು, ಕ್ರಿಯೇಟ್ ಟೇಬಲ್ ಎಂದು ಕೋಷ್ಟಕ ಮಾಡುತ್ತೇವೆ. ಅಲ್ಲಿ ನೋಂದಣಿ ಸಂಖ್ಯೆಗೆ ಪ್ರೈಮರಿ ಕೀ ಎಂದು ಸೇರಿಸಿದರೆ, ಅದೇ ಸಂಖ್ಯೆಯನ್ನು ಎರಡನೇ ಸಲ ಹಾಕಲು ಯಂತ್ರ ಬಿಡುವುದಿಲ್ಲ. ಸೇರಿಸದೇ ಹೋದರೆ ಒಬ್ಬನೇ ವಿದ್ಯಾರ್ಥಿಯ ಒಂದೇ ಸಾಲನ್ನು ಹತ್ತು ಸಲ ಹಾಕಿದರೂ ತೆಗೆದುಕೊಳ್ಳುತ್ತದೆ. ಎಸ್‌ಕ್ಯೂಎಲ್ ಮೇಲೆ ಕಾಡ್ ಅವರಿಗಿದ್ದ ದೊಡ್ಡ ಆಕ್ಷೇಪಗಳಲ್ಲಿ ಇದೂ ಒಂದು. ಗಣಿತದ ಗಣದಲ್ಲಿ ಒಂದು ವಸ್ತು ಎರಡು ಸಲ ಇರುವುದಿಲ್ಲ. ಕೋಷ್ಟಕದಲ್ಲೂ ಇರಬಾರದು ಎಂದು ಅವರು ಕೊನೆಯವರೆಗೂ ಹೇಳುತ್ತಲೇ ಬಂದರು. ತಮ್ಮ ಮಾದರಿಯಿಂದ ಹುಟ್ಟಿದ ಭಾಷೆ ಲೋಕಪ್ರಸಿದ್ಧವಾದರೂ ಅದರ ದೋಷ ಹೇಳಲು ಹಿಂಜರಿಯಲಿಲ್ಲ.

ಕೊನೆಯ ವರ್ಷಗಳು

ನಿವೃತ್ತಿಯ ಮುಂದಿನ ದಿನಗಳಲ್ಲಿ ಅವರು ಸಹೋದ್ಯೋಗಿ ಕ್ರಿಸ್ ಡೇಟ್ ಅವರ ಜೊತೆ ಸೇರಿ ಸಲಹಾ ಸಂಸ್ಥೆ ನಡೆಸಿದರು. 1990ರಲ್ಲಿ ತಮ್ಮ ಮಾದರಿಯ ಎರಡನೇ ಆವೃತ್ತಿಯನ್ನು ಪುಸ್ತಕವಾಗಿ ತಂದರು. 1993ರಲ್ಲಿ ವ್ಯಾಪಾರದ ಅಂಕಿಅಂಶಗಳನ್ನು ವಿಶ್ಲೇಷಿಸುವ ಬಗ್ಗೆ ಓಲ್ಯಾಪ್ ಎಂಬ ಹೆಸರಿನಲ್ಲಿ ಬರೆದರು. ಆ ಬರಹಕ್ಕೆ ಅದೇ ಬಗೆಯ ಸಾಫ್ಟ್‌ವೇರ್ ಮಾರುವ ಕಂಪನಿಯೊಂದರ ಹಣವಿತ್ತು ಎಂದು ತಿಳಿದಾಗ ಟೀಕೆಯೂ ಬಂತು. ದೊಡ್ಡವರ ಜೀವನ ಓದುವಾಗ ಇಂಥದ್ದನ್ನೂ ಬಿಡದೆ ಓದಬೇಕು.

2003ರ ಏಪ್ರಿಲ್ 18ರಂದು ಫ್ಲಾರಿಡಾದ ತಮ್ಮ ಮನೆಯಲ್ಲಿ ಹೃದಯ ವೈಫಲ್ಯದಿಂದ ಕಾಡ್ ತೀರಿಕೊಂಡರು. ಆಗ ಅವರಿಗೆ 79 ವರ್ಷ. ಮುಂದಿನ ವರ್ಷದಿಂದ ಡೇಟಾಬೇಸ್ ಕ್ಷೇತ್ರದ ಒಂದು ದೊಡ್ಡ ಪ್ರಶಸ್ತಿಗೆ ಅವರ ಹೆಸರನ್ನೇ ಇಡಲಾಯಿತು.

ಅವರ ವಿಚಾರದಿಂದ ಅನೇಕ ಕಂಪನಿಗಳು ಬೆಳೆದವು, ಕೆಲವರು ಜಗತ್ತಿನ ಅತಿ ಶ್ರೀಮಂತರಾದರು. ಕಾಡ್ ಮಾತ್ರ ಹೆಚ್ಚಾಗಿ ನಮ್ಮ ಪಠ್ಯಪುಸ್ತಕದ ಒಂದು ಹೆಸರಾಗಿ ಉಳಿದರು. ಆದರೆ ಅವರ ಮಾತು ಡೇಟಾಬೇಸಿಗೆ ಮಾತ್ರ ಸೇರಿದ್ದಲ್ಲ. ಒಂದು ಸಂಗತಿಯನ್ನು ಒಂದೇ ಕಡೆ, ಸರಿಯಾಗಿ ಬರೆ. ಯಾರು ಕೇಳಿದರೂ ಅದೇ ಉತ್ತರ ಸಿಗುವಂತೆ ಇಡು. ನಾಳೆ ನಮ್ಮಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕೂರುತ್ತಾರೆ, ಇನ್ನೊಬ್ಬರು ಲೆಕ್ಕ ಪರಿಶೋಧಕರಾಗುತ್ತಾರೆ, ಮತ್ತೊಬ್ಬರು ಅಪ್ಪನ ಅಂಗಡಿ ನೋಡಿಕೊಳ್ಳುತ್ತಾರೆ. ಪರದೆಯ ಮೇಲಿನ ಪ್ರತಿ ಸಾಲಿನ ಹಿಂದೆ ಯಾರದೋ ದುಡಿಮೆಯ ಹಣ ಇರುತ್ತದೆ. ಆ ಸಾಲು ಸರಿಯಾಗಿದ್ದರೆ ಹಣ ಕೊಟ್ಟವನನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಕಾಡ್ ನಿಯಮಗಳನ್ನು ಪರೀಕ್ಷೆಗೆ ಬರೆಯುವಾಗ ಇಷ್ಟನ್ನು ನೆನಪಿಟ್ಟುಕೊಳ್ಳೋಣ.